ಕೆರೆ ಅಭಿವೃದ್ಧಿ ಅಂದರೆ ಮೊದಲು ಟ್ರ್ಯಾಕೋ, ನೀರೋ? ಸಭೆಯಲ್ಲಿ ಏನು ಕೇಳಲಿ?

ಏರಿಪಕ್ಕದಮನೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ನಮ್ಮ ಮನೆ. ಮನೆ ಹಿಂದೆಯೇ ಸುಮಾರು 20 ಎಕರೆಯ ಕೆರೆ. ಹೆಸರು ಹೇಳುವುದಿಲ್ಲ, ಸಭೆ ಇನ್ನೂ ಆಗಬೇಕು, ಅದಕ್ಕೆ ಮುಂಚೆ ಜಗಳ ಬೇಡ. ಹದಿನಾಲ್ಕು ವರ್ಷದಿಂದ ಈ ಕೆರೆ ನೋಡುತ್ತಿದ್ದೇನೆ.

ಕಳೆದ ವಾರ ಅಭಿವೃದ್ಧಿಯ ನಕ್ಷೆ ತೋರಿಸಿದರು. ಸುತ್ತ ವಾಕಿಂಗ್ ಟ್ರ್ಯಾಕ್, ಬಣ್ಣದ ದೀಪ, ಕಾರಂಜಿ, ಓಪನ್ ಜಿಮ್, ಮಕ್ಕಳ ಆಟದ ಜಾಗ, ಬೋಟಿಂಗ್, ತಿಂಡಿ ಅಂಗಡಿಗಳು. ಎಲ್ಲ ಚೆನ್ನಾಗಿದೆ. ನಾನು ನಕ್ಷೆಯಲ್ಲಿ ರಾಜಕಾಲುವೆ, ಅಂದರೆ ಮಳೆ ನೀರಿನ ದೊಡ್ಡ ಕಾಲುವೆ, ಎಲ್ಲಿದೆ ಅಂತ ಹುಡುಕಿದೆ. ಮಳೆ ನೀರು ಕೆರೆಗೆ ಇಳಿಯುವ ಮೂಲೆಯಲ್ಲಿ 'ಪಾರ್ಕಿಂಗ್' ಅಂತ ಬರೆದಿತ್ತು.

ಆ ಮೂಲೆಗೆ ಬೆಳಿಗ್ಗೆ 7 ಗಂಟೆಗೆ ಹೋಗಿ ನಿಂತರೆ ಏನು ಬರುತ್ತಿದೆ ಅಂತ ಗೊತ್ತಾಗುತ್ತದೆ. ಬೂದು ಬಣ್ಣದ ನೀರು, ಮೇಲೆ ಸೋಪಿನ ನೊರೆ, ಶಾಂಪೂ ಸ್ಯಾಷೆಗಳು. ಎಂಟೂವರೆ ಆದ ಮೇಲೆ ಹರಿವು ಕಡಿಮೆಯಾಗುತ್ತದೆ. ಅಂದರೆ ಅದು ಮಳೆ ನೀರಲ್ಲ, ನಮ್ಮೆಲ್ಲರ ಬಚ್ಚಲಿನ ನೀರು. ಇದನ್ನು ಹೇಳಿದರೆ ಬಡಾವಣೆಯವರು "ಹಣ ಬಂದಿದೆ, ನೀವು ಅಡ್ಡಗಾಲು ಹಾಕಬೇಡಿ" ಅನ್ನುತ್ತಾರೆ. ಬರುವ ಶನಿವಾರ ಸಭೆ. ಏನು ಕೇಳಬೇಕು, ಹೇಗೆ ಕೇಳಬೇಕು? ಅನುಭವ ಇರುವವರು ಹೇಳಿ.

ಬೆಳಗಿನವಾಕಿಂಗ್
ನನಗೆ 62 ವರ್ಷ, ಎರಡೂ ಮಂಡಿ ನೋವು. ನಮ್ಮ ಪಕ್ಕದ ಕೆರೆಯಲ್ಲಿ ಟ್ರ್ಯಾಕ್ ಆಗುವ ಮುಂಚೆ ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಪೊದೆ, ಒಡೆದ ಬಾಟಲಿ, ಸಂಜೆಯಾದರೆ ಕುಡುಕರು. ಈಗ ಬೆಳಿಗ್ಗೆ ಐದೂವರೆಗೆ ನಾವು ಎಂಟು ಜನ ಹೆಂಗಸರು ಹೋಗುತ್ತೇವೆ. ಹಾಗಾಗಿ ಟ್ರ್ಯಾಕ್, ದೀಪ ಅಂದರೆ ಬರೀ ಶೋಕಿ ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಜನ ಓಡಾಡಿದರೆ ಕೆರೆಗೆ ಕಾವಲು ಬಂದ ಹಾಗೆ. ನಮ್ಮಲ್ಲಿ ರಾತ್ರಿ ಟ್ಯಾಂಕರ್ ತಂದು ಕಕ್ಕಸಿನ ನೀರು ಸುರಿಯುತ್ತಿದ್ದವರನ್ನು ಹಿಡಿದದ್ದೇ ವಾಕಿಂಗ್‌ನವರು.

ಏರಿಪಕ್ಕದಮನೆ
ಅಮ್ಮಾ, ನೀವು ಹೇಳಿದ್ದು ಸರಿ. ನಮ್ಮ ತಾಯಿಗೂ ಅದೇ ಆಸೆ. ಟ್ರ್ಯಾಕ್ ಬೇಡ ಅಂತ ನಾನು ಹೇಳುತ್ತಿಲ್ಲ.

ತೂಬು_ಕೋಡಿ
ಸಣ್ಣ ನೀರಾವರಿ ಕೆಲಸದಲ್ಲಿ ಮೂವತ್ತು ವರ್ಷ ಇದ್ದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಊರು ಗುಡ್ಡದ ನೆತ್ತಿಯ ಮೇಲೆ ಕೂತಿದೆ, ಸುಮಾರು 900 ಮೀಟರ್ ಎತ್ತರದಲ್ಲಿ. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ. ಮೊದಲಿನ ಎರಡು ದಕ್ಷಿಣ ಪಿನಾಕಿನಿಗೆ, ಮೂರನೆಯದು ಅರ್ಕಾವತಿ ಮೂಲಕ ಕಾವೇರಿಗೆ. ಹಿರಿಯರು ಆ ಇಳಿಜಾರಿನ ಉದ್ದಕ್ಕೂ ಏರಿ ಹಾಕಿ ನೀರು ನಿಲ್ಲಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೇಕಾದಾಗ ತೂಬು ಎತ್ತಿ ಗದ್ದೆಗೆ. ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಹಾಗಾಗಿ ಕೆರೆ ಅಂದರೆ ನಿಮ್ಮ 20 ಎಕರೆ ಮಾತ್ರ ಅಲ್ಲ. ಮೇಲಿನ ಕಾಲುವೆ, ಕೆಳಗಿನ ಕೋಡಿ ಸೇರಿದರೇನೇ ಕೆರೆ.

ಒಳಹರಿವಿನ ಬಾಯಿಯಲ್ಲಿ ಪಾರ್ಕಿಂಗ್ ಮಾಡಿದರೆ ಎರಡರಲ್ಲಿ ಒಂದು ಆಗುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗುತ್ತದೆ, ಇಲ್ಲವೇ ದೊಡ್ಡ ಮಳೆಗೆ ಮೇಲಿನ ಬಡಾವಣೆ ಮುಳುಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆ ಕಡೆ ಟ್ರ್ಯಾಕ್ಟರ್‌ನಲ್ಲಿ ಜನರನ್ನು ಸಾಗಿಸಿದ್ದು ನೆನಪಿರಬೇಕು ಅಲ್ವಾ?

ಇನ್ನೊಂದು ಮಾತು. "ಕೊಳಚೆ ಬರುತ್ತದೆ, ಆದ್ದರಿಂದ ಕಾಲುವೆಯನ್ನೇ ಕೆರೆ ಸುತ್ತ ತಿರುಗಿಸಿ ಆಚೆ ಬಿಡುತ್ತೇವೆ" ಅಂತ ಸಭೆಯಲ್ಲಿ ಹೇಳಬಹುದು. ಕೇಳಲು ಚೆಂದ. ಆದರೆ ಮಳೆ ನೀರೂ ಅದೇ ಕಾಲುವೆಯಲ್ಲಿ ಬರುವುದು. ಪೂರ್ತಿ ತಿರುಗಿಸಿದರೆ ಕೆರೆಗೆ ತನ್ನ ಮೇಲೆ ಬಿದ್ದ ಮಳೆ ಬಿಟ್ಟು ಬೇರೆ ನೀರಿಲ್ಲ. ಕೆಳಗಿನ ಕೆರೆಗೆ ಕೊಳಚೆ ಎರಡು ಪಟ್ಟು. ತಿರುಗಿಸಬೇಕಾದ್ದು ಒಳಚರಂಡಿ ಪೈಪನ್ನು, ಮಳೆ ಕಾಲುವೆಯನ್ನಲ್ಲ.

ಪ್ರಶ್ನೆ_1987
ಆದರೆ ಸರ್, ಕಾರಂಜಿ ಹಾಕಿದರೆ ನೀರಿಗೆ ಆಮ್ಲಜನಕ ಸಿಗುತ್ತದೆ, ನೀರು ತಾನಾಗಿ ಶುದ್ಧ ಆಗುತ್ತದೆ ಅಂತ ನಮ್ಮ ಏರಿಯಾದಲ್ಲಿ ಹೇಳಿದರಲ್ಲ?

ತೂಬು_ಕೋಡಿ
ಸ್ವಲ್ಪ ಸಿಗುತ್ತದೆ, ಸುಳ್ಳಲ್ಲ. ಆದರೆ ಒಂದು ಕಡೆ ದಿನಪೂರ್ತಿ ಕೊಳಚೆ ಬರುತ್ತಿರುವಾಗ ಎರಡು ಕಾರಂಜಿ ಏನು ಮಾಡೀತು? ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಕಾಯಿಲೆ ಹಾಗೇ ಇರುತ್ತದೆ. 2016ರಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಊರ ನಡುವಿನ, ಬೇಲಿ ಇರುವ, ಬೋಟಿಂಗ್ ಇದ್ದ ಕೆರೆ ಅದು.

ಬೆಳ್ಳಂದೂರಿನಿಂದ
ನಮ್ಮ ಕೆರೆಗೆ ಬೆಂಕಿ ಬಿದ್ದದ್ದನ್ನು ಕಣ್ಣಾರೆ ನೋಡಿದವಳು ನಾನು. ನೀರಿಗೆ ಬೆಂಕಿ! 2015ರಲ್ಲಿ ಒಮ್ಮೆ, 2017ರಲ್ಲಿ, ಮತ್ತೆ 2018ರಲ್ಲಿ. ಗಾಳಿ ಬೀಸಿದರೆ ಕೋಡಿಯ ನೊರೆ ಹಾರಿ ಬಂದು ಸ್ಕೂಟರ್ ಮೇಲೆ ಕೂರುತ್ತಿತ್ತು. ಕೈಗೆ ತಾಗಿದರೆ ತುರಿಕೆ. ಮಗಳು ಆಗ ಎರಡನೇ ಕ್ಲಾಸು. "ಅಮ್ಮ, ಸ್ನೋ" ಅಂತ ಓಡಿ ಹೋದಳು, ನಾನು ಎಳೆದುಕೊಂಡು ಬಂದೆ. ಮೊದಲು ಕೊಳಚೆ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ಜಕ್ಕೂರುವಾಸಿ
ಕೊಳಚೆ ನಿಲ್ಲಿಸಲು ಆಗಲ್ಲ ಅನ್ನುವವರನ್ನು ಒಂದು ಭಾನುವಾರ ಜಕ್ಕೂರಿಗೆ ಕರೆದುಕೊಂಡು ಬನ್ನಿ. ನಮ್ಮದು ಸುಮಾರು 160 ಎಕರೆ ಕೆರೆ. ಮೇಲೆ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದು ಅಂತ ಶುರುವಾಯಿತು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗು ಜಾಗದಲ್ಲಿ ನಿಧಾನವಾಗಿ ಹರಿಯುತ್ತದೆ. ಘಟಕದಲ್ಲಿ ಉಳಿದುಹೋದ ನೈಟ್ರೇಟ್, ಫಾಸ್ಫೇಟ್‌ಗಳಲ್ಲಿ ಎಷ್ಟೋ ಪಾಲನ್ನು ಆ ಗಿಡಗಳು ಹೀರಿಕೊಳ್ಳುತ್ತವೆ. ಆಮೇಲೆ ಕೆರೆ. ಐಐಎಸ್‌ಸಿಯವರು ಇದರ ಮೇಲೆ ಅಧ್ಯಯನವನ್ನೇ ಮಾಡಿದ್ದಾರೆ. ಸುತ್ತಲಿನ ಬಾವಿಗಳಿಗೂ ನೀರು ಬಂತು. ಇಲ್ಲೂ ಜನ ವಾಕಿಂಗ್ ಮಾಡುತ್ತಾರೆ, ಮಕ್ಕಳು ಬರುತ್ತಾರೆ, ಮೀನು ಹಿಡಿಯುವವರೂ ಇದ್ದಾರೆ.

ಎಲ್ಲ ಸರಿಯಾಗಿದೆ ಅಂತ ಹೇಳಲ್ಲ. ಜೊಂಡನ್ನು ಆಗಾಗ ಕೊಯ್ದು ಹೊರಗೆ ಹಾಕದಿದ್ದರೆ ಅದೇ ಕೊಳೆತು ಮತ್ತೆ ನೀರಿಗೆ ಸೇರುತ್ತದೆ. ಅಂತರಗಂಗೆ ಅನ್ನುವ ತೇಲುವ ಕಳೆ ಬಂದರೆ ಒಂದೇ ತಿಂಗಳಲ್ಲಿ ಹಾಸಿಕೊಳ್ಳುತ್ತದೆ. ಬಿಡದೆ ಹಿಂದೆ ಬೀಳುವ ಜನ ಬೇಕು.

ಪ್ರಶ್ನೆ_1987
20 ಎಕರೆ ಕೆರೆಗೆ ಶುದ್ಧೀಕರಣ ಘಟಕ ಎಲ್ಲಿಂದ ಬರುತ್ತದೆ? ಜಾಗ ಎಲ್ಲಿದೆ?

ಜಕ್ಕೂರುವಾಸಿ
ಪಾರ್ಕಿಂಗ್‌ಗೆ ಜಾಗ ಸಿಕ್ಕಿದೆಯಲ್ಲ, ಅಲ್ಲೇ ಜೌಗು ಮಾಡಬಹುದು. ಚಿಕ್ಕದಾದರೂ ಸರಿ. ಅದರ ಮುಂದೆ ಹೂಳು, ಕಸ ನಿಲ್ಲುವ ಗುಂಡಿ.

ಹೆಜ್ಜಾರ್ಲೆ
ನಕ್ಷೆಯಲ್ಲಿ ದಡ ಹೇಗಿದೆ ಅಂತ ನೋಡಿದಿರಾ? ಸುತ್ತ ಕಲ್ಲು ಕಟ್ಟಿ, ಮಧ್ಯ ಬೋಗುಣಿ ಥರ ಆಳ ತೆಗೆದರೆ ನೀರೇನೋ ನಿಲ್ಲುತ್ತದೆ. ಆದರೆ ಹಕ್ಕಿಗೆ ಕಾಲೂರಲು ಜಾಗ ಇರುವುದಿಲ್ಲ. ಹೆಜ್ಜಾರ್ಲೆ, ನೀರುಕಾಗೆಗೆ ಆಳವಾದ ನೀರು ಆಗುತ್ತದೆ. ಬಣ್ಣದ ಕೊಕ್ಕರೆಗೆ ಮೊಣಕಾಲಿನ ನೀರು ಬೇಕು. ಗೊರವಗಳಿಗೆ ಕೆಸರು ಬೇಕು. ಗುಳುಮುಳುಕ ಗೂಡು ಕಟ್ಟಲು ಜೊಂಡು ಬೇಕು. ದಡ ಒಂದು ಕಡೆಯಾದರೂ ಇಳಿಜಾರಾಗಿ, ಮಣ್ಣಾಗಿ ಉಳಿಯಲಿ. ಆ ಕಡೆ ಟ್ರ್ಯಾಕ್ ಬೇಡ. ಪೂರ್ತಿ ಸುತ್ತು ಹಾಕದಿದ್ದರೆ ನಮಗೇನು ನಷ್ಟ? ಹೋದ ದಾರಿಯಲ್ಲೇ ವಾಪಸು ಬಂದರಾಯಿತು.

ದೀಪದ ಬಗ್ಗೆಯೂ ಕೇಳಿ. ನೀರಿನ ಕಡೆ ಬೀಳುವ ಬಣ್ಣದ ದೀಪ ಬೇಡ. ದಾರಿಗೆ ಮಾತ್ರ ಬೀಳುವ ಗಿಡ್ಡ ಕಂಬ ಹಾಕಿ, ರಾತ್ರಿ 8ಕ್ಕೆ ಆರಿಸಿ.

ಬೆಳಗಿನವಾಕಿಂಗ್
ರಾತ್ರಿ ಆರಿಸಲಿ, ಆದರೆ ಬೆಳಿಗ್ಗೆ ಐದರಿಂದ ಬೆಳಕಾಗುವವರೆಗೆ ಬೇಕು. ಚಳಿಗಾಲದಲ್ಲಿ ಆರೂವರೆವರೆಗೂ ಕತ್ತಲೆ. ಹೆಂಗಸರ ಕಷ್ಟ ಹಕ್ಕಿ ನೋಡುವವರಿಗೆ ಅರ್ಥವಾಗಬೇಕು.

ಹೆಜ್ಜಾರ್ಲೆ
ಒಪ್ಪಿದೆ ಅಮ್ಮ. ಗೇಟಿನ ಕಡೆಯ ಭಾಗಕ್ಕೆ ಬೆಳಗಿನ ದೀಪ, ಜೊಂಡಿನ ಕಡೆಗೆ ಕತ್ತಲೆ. ಇದಕ್ಕೆ ಇಬ್ಬರೂ ಸೇರಿ ಅರ್ಜಿ ಹಾಕೋಣ.

ಹಳೇಪೇಟೆ
ಬೆಂಗಳೂರಲ್ಲಿ 'ಮನರಂಜನೆಗಾಗಿ ಕೆರೆ' ಅಂದರೆ ನನಗೆ ಭಯವಾಗುತ್ತದೆ. ಧರ್ಮಾಂಬುಧಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಆಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು.

ಪೇಟೆಹುಡುಗ
ಒಂದು ತಿದ್ದುಪಡಿ. ಕಂಠೀರವ ಆಗಿದ್ದು ಸಂಪಂಗಿ ಕೆರೆ. ಧರ್ಮಾಂಬುಧಿ ಇದ್ದದ್ದು ಮೆಜೆಸ್ಟಿಕ್‌ನಲ್ಲಿ, ಈಗ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಒಂದು ಚೂರು ಇನ್ನೂ ಉಳಿದಿದೆ, ಕರಗದ ಪೂಜೆಗೆ. ನಮ್ಮ ತಾತ ಪ್ರತಿ ವರ್ಷ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದದ್ದು ಒಂದು ಕುಂಟೆ. ಅದೂ ಪೂಜೆ ಇದ್ದದ್ದರಿಂದ ಉಳಿಯಿತು.

ಹಳೇಪೇಟೆ
ಹೌದು, ನನ್ನ ತಪ್ಪು. ಥ್ಯಾಂಕ್ಸ್.

ಹೊನಗೊನೆ
ಎಲ್ಲರೂ ವಾಕಿಂಗ್, ಹಕ್ಕಿ ಅಂತಿದ್ದೀರಿ. ನಮ್ಮ ಅಜ್ಜಿ ಕೆರೆ ದಡದಲ್ಲಿ ಹೊನಗೊನೆ ಸೊಪ್ಪು ಕಿತ್ತು ಮಾರಿ ಅಮ್ಮನನ್ನು ಓದಿಸಿದವರು. ಬೆಳಗಾಗುವ ಮುಂಚೆ ಸೀರೆ ಎತ್ತಿ ಕಟ್ಟಿ ನೀರಿಗಿಳಿಯುತ್ತಿದ್ದರು. ಎಳೆ ಕುಡಿ ಚಿವುಟಿ, ಬಾಳೆ ನಾರಲ್ಲಿ ಕಟ್ಟು ಕಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿ ಬುಟ್ಟಿಯಲ್ಲಿಟ್ಟು, ಏಳಕ್ಕೆಲ್ಲ ಮಾರ್ಕೆಟ್ಟು ಸೇರುತ್ತಿದ್ದರು. ಆಮೇಲೆ ಆ ಕೆರೆ 'ಅಭಿವೃದ್ಧಿ' ಆಯಿತು. ಬೇಲಿ ಬಂತು, ಗೇಟು ಬಂತು. ಹುಲ್ಲು ಕೊಯ್ಯುವವರು, ಎಮ್ಮೆ ತೊಳೆಯುವವರು, ಬಟ್ಟೆ ಒಗೆಯುವವರು ಎಲ್ಲ ಹೊರಗೆ. ಗೇಟಿನ ಕಾವಲುಗಾರ ಅಜ್ಜಿಯನ್ನು ಬುಟ್ಟಿ ಸಮೇತ ನಿಲ್ಲಿಸಿ "ಒಳಗೆ ಬಿಡಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ್ದನ್ನು ಮಾಡಿದ. ಆದರೆ ಸಾರ್ವಜನಿಕರು ಅಂದರೆ ಶೂ ಹಾಕಿಕೊಂಡವರು ಮಾತ್ರವಾ? ಸಭೆಗೆ ಅವರನ್ನೂ ಕರೆಸಿ. ನಿಮ್ಮ ಕೆರೆಯಲ್ಲಿ ಈಗ ಯಾರು ಹುಲ್ಲು ಕೊಯ್ಯುತ್ತಾರೆ ಅಂತ ವಿಚಾರಿಸಿ.

ಏರಿಪಕ್ಕದಮನೆ
ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಕೆರೆಗೂ ಇಬ್ಬರು ಹುಲ್ಲಿಗೆ ಬರುತ್ತಾರೆ, ಸೈಕಲ್‌ನಲ್ಲಿ ದೊಡ್ಡ ಹೊರೆ ಕಟ್ಟಿಕೊಂಡು ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾತಾಡಿಸಿಲ್ಲ. ನಾಳೆ ಮಾತಾಡುತ್ತೇನೆ.

ಮೀನುಬಲೆ
ಮೀನಿನವರನ್ನೂ ಸೇರಿಸಿ. ನಮ್ಮಪ್ಪ ಟೆಂಡರ್ ಹಿಡಿದು ಕಾಟ್ಲಾ, ರೋಹು ಮರಿ ಬಿಡುತ್ತಿದ್ದರು. ನೀರು ಕೆಡುತ್ತಿದೆ ಅಂತ ಎಲ್ಲರಿಗಿಂತ ಮೊದಲು ತಿಳಿಯುವುದು ನಮಗೆ. ಮೋಡ ಮುಚ್ಚಿದ ದಿನ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಎರಡು ದಿನ ಹಾಗೇ ಆದರೆ ಮೂರನೇ ದಿನ ತೇಲುತ್ತವೆ. ಕಾಟ್ಲಾ ಮೊದಲು ಸಾಯುತ್ತದೆ, ಜಿಲೇಬಿ ಮೀನು ತಡೆದುಕೊಳ್ಳುತ್ತದೆ. ಮೀಟರ್ ಬೇಕಿಲ್ಲ, ನಮ್ಮನ್ನು ಕೇಳಿದರೆ ಸಾಕು.

ಮತ್ತೆ ದಯವಿಟ್ಟು ಮೀನಿಗೆ ಬ್ರೆಡ್, ಪುರಿ ಹಾಕಬೇಡಿ. ಉಳಿದದ್ದು ಕೊಳೆತು ನೀರು ಹಾಳು.

ಗೌರಿಹಬ್ಬ
ಗಣೇಶ ಬಿಡುವುದಕ್ಕೆ ಏನು ಮಾಡಿದ್ದಾರೆ ನಕ್ಷೆಯಲ್ಲಿ? ನಮ್ಮಲ್ಲಿ ಕೆರೆ ಪಕ್ಕ ಬೇರೆಯಾಗಿ ಕಲ್ಯಾಣಿ ಕಟ್ಟಿದ್ದಾರೆ, ತುಂಬ ಒಳ್ಳೆಯದಾಯಿತು. ಹಬ್ಬ ಮುಗಿದ ಮೇಲೆ ಮಣ್ಣು ತೆಗೆದು ತೊಳೆಯುತ್ತಾರೆ.

ಸೊಪ್ಪಿನಸಾರು
@ಹೊನಗೊನೆ ವಿಷಯ ಬಿಟ್ಟು ಕೇಳುತ್ತಿದ್ದೇನೆ, ಈಗ ಒಳ್ಳೆ ಹೊನಗೊನೆ ಎಲ್ಲಿ ಸಿಗುತ್ತದೆ? ತೊಗರಿಬೇಳೆ ಹಾಕಿ ಬಸ್ಸಾರು ಮಾಡಿದರೆ ನಮ್ಮ ಮನೆಯಲ್ಲಿ ಮುದ್ದೆ ಸಾಲುವುದಿಲ್ಲ.

ಹೊನಗೊನೆ
ಹೊಸಕೋಟೆ ಕಡೆಯಿಂದ ಬರುವ ಹೆಂಗಸರ ಹತ್ತಿರ ಸಿಗುತ್ತದೆ. ಎಲ್ಲಿ ಕಿತ್ತದ್ದು ಅಂತ ಕೇಳಿ ತಗೊಳ್ಳಿ. ಕೊಳಚೆ ನೀರಲ್ಲಿ ಬೆಳೆದದ್ದು ತುಂಬ ದಪ್ಪ, ಹಚ್ಚಗೆ ಇರುತ್ತದೆ, ನೋಡಿ ಮೋಸ ಹೋಗಬೇಡಿ.

ಕೋಲಾರದವ
ಬೆಂಗಳೂರಿನ ಕೆರೆ ಜಗಳದಲ್ಲಿ ನಮ್ಮನ್ನು ಮರೆಯಬೇಡಿ. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಬರಗಾಲದ ಜಿಲ್ಲೆ, ಕೆರೆ ತುಂಬಿದ್ದು ನೋಡಿ ಜನ ಪೂಜೆ ಮಾಡಿದರು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದೂ ನಿಜ. ಆದರೆ ಅದು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ ನೀರು. ಮೂರನೇ ಹಂತ ಬೇಕು ಅಂತ ನಾವು ಕೇಳುತ್ತಲೇ ಇದ್ದೇವೆ. ನೀವು ಮೇಲೆ ಬಿಟ್ಟದ್ದನ್ನೇ ಕೆಳಗಿನವರು ಬಳಸುವುದು.

ಉಣಕಲ್ಲಿನವ
ಹುಬ್ಬಳ್ಳಿಯಿಂದ ಬರೀತಿದ್ದೇನ್ರೀ. ಉಣಕಲ್ ಕೆರೆ ನಡುವೆ ವಿವೇಕಾನಂದರ ಮೂರ್ತಿ ಐತಿ, ಉದ್ಯಾನ ಐತಿ, ಸಂಜೆ ಮಿರ್ಚಿ ಗಿರ್ಮಿಟ್ ತಿನ್ನಾಕ ಊರಿಗೆ ಊರೇ ಬರ್ತದ. ಆದ್ರೂ ಅಂತರಗಂಗೆ ಕಾಟ ತಪ್ಪಿಲ್ಲ, ತೆಗೆದಷ್ಟೂ ಬರ್ತದ. ನೀರಿನ್ಯಾಗ ಗೊಬ್ಬರ ಇರೋತನಕ ಅದು ಹೋಗಂಗಿಲ್ಲ. ಸ್ಮಾರ್ಟ್ ಸಿಟಿಯಿಂದ ಉಣಕಲ್ ನಾಲಾದ ಬಾಜೂಕ ಸೈಕಲ್ ದಾರಿ ಮಾಡಿದ್ರು. ಆ ವಿಚಾರ ನನಗ ಸೇರ್ತು, ಕೆರೆ ಅಷ್ಟ ಅಲ್ಲ, ನಾಲಾನೂ ಜನರ ಕಣ್ಣಿಗೆ ಬೀಳ್ತದ. ಕಣ್ಣಿಗೆ ಬಿದ್ದರ ಕೇಳೋರು ಹುಟ್ಟತಾರ.

ಸಿಂಗಪುರಕನ್ನಡಿಗ
ಉಣಕಲ್ಲಿನವರ ಮಾತಿಗೆ ಒಂದು ಉದಾಹರಣೆ. ಇಲ್ಲಿ ಬಿಶಾನ್ ಪಾರ್ಕ್ ಪಕ್ಕ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆ ಇತ್ತು. ಕಾಂಕ್ರೀಟ್ ಒಡೆದು, ಮಣ್ಣು, ಗಿಡ ಹಾಕಿ, ಅಂಕುಡೊಂಕಾದ ಹೊಳೆಯನ್ನೇ ಮಾಡಿದರು. 2012ರಲ್ಲಿ ಮುಗಿಯಿತು. ಬಿಸಿಲಿದ್ದಾಗ ಮಕ್ಕಳು ಕಲ್ಲಿಂದ ಕಲ್ಲಿಗೆ ಹಾರುತ್ತಾರೆ. ಜೋರು ಮಳೆ ಬಂದರೆ ಸೈರನ್ ಕೂಗುತ್ತದೆ, ಜನ ಮೇಲೆ ಹತ್ತುತ್ತಾರೆ, ಪಾರ್ಕಿನ ಹುಲ್ಲುಹಾಸೇ ಪ್ರವಾಹ ನಿಲ್ಲುವ ಜಾಗ. ನಮ್ಮಲ್ಲಿ ರಾಜಕಾಲುವೆಯ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಎಬ್ಬಿಸುವುದನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ತೂಬು_ಕೋಡಿ
ಒಳ್ಳೆ ಉದಾಹರಣೆ, ಆದರೆ ಅಲ್ಲಿ ಕಾಲುವೆಗೆ ಕೊಳಚೆ ಬರುವುದಿಲ್ಲ. ಒಳಚರಂಡಿ ಬೇರೆ, ಮಳೆ ಕಾಲುವೆ ಬೇರೆ. ನಾವು ಮೊದಲು ಅದನ್ನು ಮಾಡಬೇಕು.

ದಾಖಲೆಕಾಗದ
ಕಾನೂನಿನ ಎರಡು ಮಾತು. ಕೆರೆ ಅಂಚಿನಿಂದ 75 ಮೀಟರ್ ಜಾಗ ಏನೂ ಕಟ್ಟದೆ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ನಗರದ 2015ರ ಮಾಸ್ಟರ್ ಪ್ಲಾನ್‌ನಲ್ಲಿದ್ದದ್ದು 30 ಮೀಟರ್. ಆದ್ದರಿಂದ ಸಭೆಯಲ್ಲಿ 75 ಅಂತ ವಾದಿಸಲು ಹೋಗಬೇಡಿ, ಅದೊಂದು ಮಾತು ಹಿಡಿದು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತಾರೆ.

ಹೋಗುವ ಮುಂಚೆ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಹಳೆ ಕಾಲುವೆ ಗೆರೆ ಅದರಲ್ಲಿ ಇರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಆ 'ಪಾರ್ಕಿಂಗ್' ಮೂಲೆಯಲ್ಲಿ ನಿಂತು ನೋಡಿ. ಡಿಪಿಆರ್ (ಯೋಜನೆಯ ವಿವರವಾದ ವರದಿ) ಪ್ರತಿಯನ್ನು ಆರ್‌ಟಿಐನಲ್ಲಿ ಕೇಳಿ.

ತಿಂಡಿ ಅಂಗಡಿ, ಬೋಟಿಂಗ್ ಯಾರಿಗೆ, ಎಷ್ಟು ವರ್ಷಕ್ಕೆ ಅಂತಲೂ ಕೇಳಿ. ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಗೆ ಲೀಸ್ ಕೊಟ್ಟಾಗ 2008ರಲ್ಲಿ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. 2012ರಲ್ಲಿ ತೀರ್ಪು ಬಂತು. ಕೆರೆಗೆ ಟಿಕೆಟ್ ಇಟ್ಟರೆ ಹುಲ್ಲಿನವರು ಮಾತ್ರ ಅಲ್ಲ, ಪಕ್ಕದ ಕೂಲಿ ಮನೆಗಳ ಮಕ್ಕಳೂ ಹೊರಗೆ.

ಬೋಟ್‌ಪ್ರಿಯ
ನನಗೆ ಮಾತ್ರ ಬೋಟಿಂಗ್ ಬೇಕು. ಮಕ್ಕಳಿಗೆ ಮಾಲ್ ಬಿಟ್ಟರೆ ಬೇರೆ ಏನಿದೆ ಈ ಊರಲ್ಲಿ? ತುಳಿಯುವ ದೋಣಿ ಆದರೂ ಇರಲಿ.

ಮೀನುಬಲೆ
ತುಳಿಯುವ ದೋಣಿಗೆ ನನ್ನ ತಕರಾರಿಲ್ಲ. ಮೋಟಾರ್ ಬೇಡ. ಮೊದಲು ಮಗು ಕೈ ಅದ್ದಬಹುದಾದ ನೀರು ಆಗಲಿ.

ಕೈಕೊಂಡನಹಳ್ಳಿ_ಕೆರೆಏರಿ
ನಮ್ಮ ಅನುಭವ ಹೇಳುತ್ತೇನೆ. ಸರ್ಜಾಪುರ ರಸ್ತೆಯ ನಮ್ಮ ಕೆರೆ 48 ಎಕರೆ. ಹಿಂದಿನ ದಶಕದ ಶುರುವಿಗೆ ಪಾಲಿಕೆ ಮತ್ತು ಊರಿನವರು ಸೇರಿ ಸರಿ ಮಾಡಿದರು. ಕೆಲಸ ನಡೆಯುವಾಗಲೇ ಜನ ಜೊತೆಗಿದ್ದರು, ಮುಗಿದ ಮೇಲೆ ರಿಬ್ಬನ್ ಕತ್ತರಿಸಲು ಬಂದವರಲ್ಲ. ದಾರಿ ಮಣ್ಣಿನದು. ಮಕ್ಕಳು ಕೂರಲು ಮೆಟ್ಟಿಲು, ಪ್ರತಿ ವರ್ಷ ಕೆರೆ ಹಬ್ಬ ಅಂತ ಶುರು ಮಾಡಿದರು. ಇಷ್ಟಾದರೂ ಮೇಲಿನಿಂದ ಕೊಳಚೆ ಬಂದಾಗೆಲ್ಲ ಮತ್ತೆ ಒದ್ದಾಟ. ಒಮ್ಮೆ ಮಾಡಿ ಬಿಡುವ ಕೆಲಸ ಇದಲ್ಲ. ನಿರ್ವಹಣೆಗೆ ಹಣ ಎಷ್ಟು, ಯಾರು, ಎಷ್ಟು ವರ್ಷ ಅಂತ ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ_1987
ಸರಿ, ಒಪ್ಪಿದೆ. ಆದರೆ ನೀರು ಸರಿಯಾಗುವವರೆಗೆ ಟ್ರ್ಯಾಕ್ ಬೇಡ ಅಂದರೆ ಬಂದ ಹಣ ವಾಪಸು ಹೋಗುತ್ತದೆ. ಆ ಭಯವೂ ಸುಳ್ಳಲ್ಲ. ಎರಡೂ ಒಟ್ಟಿಗೆ ಶುರುವಾಗಲಿ, ಆದರೆ ಮೊದಲ ಬಿಲ್ಲು ಪೈಪಿನ ಕೆಲಸಕ್ಕೆ ಅಂತ ಕೇಳಿದರೆ?

ತೂಬು_ಕೋಡಿ
ಇದು ಒಳ್ಳೆ ಮಾತು. ಹೀಗೇ ಕೇಳಿ. ಹೂಳು ತೆಗೆಯುವಾಗ ತಳದ ಜೇಡಿ ಪದರ ಕೀಳಬೇಡಿ ಅಂತಲೂ ಸೇರಿಸಿ. ಮಣ್ಣಿನ ಆಸೆಗೆ ಜಾಸ್ತಿ ಅಗೆದರೆ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ.

ಏರಿಪಕ್ಕದಮನೆ
ಸಭೆ ಆಯಿತು. ನಡೆದದ್ದು ಬರೆಯುತ್ತೇನೆ.

ಹುಲ್ಲಿನ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಒಬ್ಬರು ಮಾತಾಡಲಿಲ್ಲ. ಇನ್ನೊಬ್ಬರು, ಐವತ್ತು ದಾಟಿದವರು, ಎದ್ದು ನಿಂತು ನಕ್ಷೆಯ ಮೇಲೆ ಬೆರಳಿಟ್ಟು, "ಈ ಮೂಲೆಯಲ್ಲಿ ಮಳೆಗಾಲದಲ್ಲಿ ನನ್ನ ಎದೆಮಟ್ಟ ನೀರು ಇರುತ್ತದೆ ಸ್ವಾಮಿ, ಕಾರು ಎಲ್ಲಿ ನಿಲ್ಲಿಸುತ್ತೀರಿ?" ಅಂದರು. ಸಭೆ ಒಂದು ನಿಮಿಷ ಸುಮ್ಮನಾಯಿತು. ಗ್ರಾಮ ನಕ್ಷೆ ಮುಂದಿಟ್ಟೆ. ಕಾಲುವೆ ಗೆರೆ ಅಲ್ಲೇ ಇದೆ.

ಪಾರ್ಕಿಂಗ್ ಬೇರೆ ಕಡೆ ಹಾಕುತ್ತೇವೆ ಅಂತ ಒಪ್ಪಿದರು. ಬರವಣಿಗೆಯಲ್ಲಿ ಇನ್ನೂ ಕೊಟ್ಟಿಲ್ಲ. ಬೆಳಗಿನ ದೀಪ, ಪಶ್ಚಿಮದ ದಡ ಮಣ್ಣಾಗಿಯೇ ಉಳಿಸುವುದು, ಎರಡಕ್ಕೂ 'ನೋಡೋಣ' ಅಂದರು. ಬೋಟಿಂಗ್ ಸದ್ಯಕ್ಕೆ ನಿಂತಿದೆ. ಹುಲ್ಲಿನವರಿಗೆ ಚಿಕ್ಕ ಗೇಟು ಇಡುವ ಮಾತಿಗೆ ಬಡಾವಣೆಯ ಕೆಲವರು ಒಪ್ಪಲಿಲ್ಲ, ಭದ್ರತೆ ಅಂದರು. ಅದಕ್ಕೆ ಮತ್ತೆ ಕೂರಬೇಕು. ಒಳಚರಂಡಿ ಪೈಪಿನ ವಿಷಯ ಬಂದಾಗ ಎಲ್ಲೆಲ್ಲಿ ಮನೆಗಳ ಪೈಪು ಕಾಲುವೆಗೆ ಬಿಟ್ಟಿದ್ದಾರೆ ಅಂತ ಪಟ್ಟಿ ಇಲ್ಲ ಅಂದರು. ಪಟ್ಟಿ ನಾವೇ ಮಾಡಿ ಕೊಡುತ್ತೇವೆ ಅಂತ ಹೇಳಿ ಬಂದಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಕೆರೆ ಬಾಯಿಯಿಂದ ಮೇಲಕ್ಕೆ ಕಾಲುವೆ ಹಿಡಿದು ನಡೆಯುತ್ತೇವೆ. ಒಂದೊಂದು ಪೈಪಿಗೂ ನಂಬರ್, ಫೋಟೋ. ಯಾರು ಬರುತ್ತೀರಿ?

ತೂಬು_ಕೋಡಿ
ನಾನು ಬರುತ್ತೇನೆ. ಅಳತೆ ಟೇಪು ನನ್ನ ಹತ್ತಿರ ಇದೆ.

ಬೆಳಗಿನವಾಕಿಂಗ್
ಕಾಲುವೆಗೆ ಇಳಿಯಲು ನನಗಾಗಲ್ಲ. ಮೇಲೆ ರಸ್ತೆಯಲ್ಲಿ ನಡೆಯುತ್ತಾ ಬರೆದುಕೊಳ್ಳುತ್ತೇನೆ. ಫ್ಲಾಸ್ಕಲ್ಲಿ ಕಾಫಿ ತರುತ್ತೇನೆ. ಎಷ್ಟು ಜನ ಅಂತ ಶನಿವಾರ ರಾತ್ರಿಯೊಳಗೆ ಹೇಳಿ.

ಹೊನಗೊನೆ
ನಾನೂ ಬರುತ್ತೇನೆ. ಆ ಹುಲ್ಲಿನ ಅಣ್ಣ ಬರುತ್ತಾರಾ? ಕಾಲುವೆ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಏರಿಪಕ್ಕದಮನೆ
ಕೇಳಿದೆ. ಬರುತ್ತಾರಂತೆ, ಆದರೆ ಎಂಟಕ್ಕೆ ಮುಂಚೆ ಹುಲ್ಲು ಕೊಯ್ದು ಮುಗಿಸಬೇಕು. ಆದ್ದರಿಂದ ಎಂಟೂಕಾಲಿಗೆ ಸೇತುವೆ ಹತ್ತಿರ ನಮ್ಮನ್ನು ಸೇರಿಕೊಳ್ಳುತ್ತಾರೆ. ಬರುವವರು ಗಂಬೂಟು ಹಾಕಿಕೊಂಡು ಬನ್ನಿ.